ಬೈಕ್ ತಾತನ ವಾರ್ಷಿಕ ಪರೀಕ್ಷೆ

ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದು ನಿಂತಿದ್ದ ಹುಡುಗ ನನ್ನ ಬೈಕನ್ನು ಮುಂದಿನಿಂದ ಹಿಂದಿನವರೆಗೆ ಒಮ್ಮೆ ನೋಡಿದ. ಆಮೇಲೆ ಹೆಲ್ಮೆಟ್ ತೆಗೆದಿದ್ದ ನನ್ನ ತಲೆ ನೋಡಿದ. ಅಲ್ಲಿ ಉಳಿದಿರುವುದು ನಾಲ್ಕು ಬಿಳಿ ಕೂದಲು. ಅವನಿಗೆ ಲೆಕ್ಕ ತಾಳೆಯಾಗಲಿಲ್ಲ.

"ಅಂಕಲ್, ಗಾಡಿ ಮಗಂದಾ?"

"ಅಲ್ಲಪ್ಪ, ನಂದೇ."

"ಮೊಮ್ಮಗಂಗೆ ತಗೊಂಡಿದ್ದಾ?"

"ಅವನಿಗಿನ್ನೂ ಹದಿನಾರು ಕಣಯ್ಯಾ. ನಂದೇ."

"ಬೆನ್ನು ನೋಯಲ್ವಾ?"

"ನೋಯುತ್ತೆ. ಮನೇಲಿ ಸುಮ್ಮನೆ ಕೂತರೂ ನೋಯುತ್ತೆ. ಅದಕ್ಕೇ ಹೊರಗೆ ಬಂದೆ" ಅಂದೆ. ಹುಡುಗ ನಕ್ಕು ಟ್ಯಾಂಕಿನ ಮುಚ್ಚಳ ಹಾಕಿದ.

ನನಗೀಗ 74. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ನನ್ನ ಬಳಿ ಇರುವುದು ಯಮಹಾ ಆರ್15. 155 ಸಿಸಿ ಎಂಜಿನ್, ಆರು ಗೇರು, ಎಂಜಿನ್ನನ್ನು ತಣ್ಣಗಿಡಲು ಕಾರಿನಲ್ಲಿರುವ ಹಾಗೆ ರೇಡಿಯೇಟರು. ಹ್ಯಾಂಡಲ್ ಕೆಳಗೆ, ಸೀಟು ಮೇಲೆ, ಕಾಲಿಡುವ ಕಡ್ಡಿಗಳು ಹಿಂದಕ್ಕೆ. ಹತ್ತಿ ಕೂತರೆ ದೇವರಿಗೆ ನಮಸ್ಕಾರ ಹಾಕಲು ಬಗ್ಗಿ ಅರ್ಧದಲ್ಲೇ ನಿಂತ ಭಂಗಿ. ನಮ್ಮ ಬೀದಿಯ ಮಕ್ಕಳು ನನಗೆ ಇಟ್ಟಿರುವ ಹೆಸರು 'ಬೈಕ್ ತಾತ'. ಜಾಕೆಟ್ಟು, ಕೈಗವಸು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿ ಬೆಳಗಿನ ಜಾವ ಹೊರಟರೆ, ಹಾಲು ತರಲು ಹೋಗುವ ಎದುರು ಮನೆಯವರು "ಏನ್ ಸಾರ್, ಇವತ್ತು ಚಂದ್ರಲೋಕಕ್ಕೋ?" ಅಂತ ಕೇಳುತ್ತಾರೆ.

ಈ ವಯಸ್ಸಿನಲ್ಲಿ ಇದು ಬೇಕಾ ಎಂದು ನೀವೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಮಗಳು ಇದನ್ನೇ ಮೂರು ವರ್ಷದ ಹಿಂದೆ ಬಹಳ ಗಟ್ಟಿಯಾಗಿ ಕೇಳಿದಳು. ಆ ಕತೆಯನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ. ಆದರೆ ಸಾಲದ ಕತೆ ಹೇಳುವ ಮುಂಚೆ ಖಾತೆ ತೆರೆದದ್ದು ಯಾವಾಗ ಅಂತ ಹೇಳಬೇಕಲ್ಲ?

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. 1960ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದಾಗ ನನಗೆ ಒಂಬತ್ತು ವರ್ಷ. ಜೆಕೊಸ್ಲೊವಾಕಿಯಾ ದೇಶದ ಮೋಟಾರ್ ಸೈಕಲ್ಲನ್ನು ನಮ್ಮೂರಲ್ಲೇ ಮಾಡುತ್ತಾರಂತೆ ಅನ್ನುವುದು ನಮಗೆ ದಸರಾಕ್ಕಿಂತ ದೊಡ್ಡ ಸುದ್ದಿ. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು, ಹಿಂದೆ ನೀಲಿ ಹೊಗೆ, 'ಡುಗ್ ಡುಗ್ ಡುಗ್' ಅನ್ನುವ ದನಿ. ಬೀದಿಯ ತುದಿಗೆ ಬರುವ ಮುಂಚೆಯೇ ಯಾರ ಗಾಡಿ ಅಂತ ನಾವು ಹುಡುಗರು ಹೇಳಿಬಿಡುತ್ತಿದ್ದೆವು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ದನಿ ಮಾತ್ರ ಹಾಗೇ ಉಳಿಯಿತು.

ಬಿ.ಕಾಂ. ಮುಗಿಸಿ 1973ರಲ್ಲಿ ಬ್ಯಾಂಕಿಗೆ ಸೇರಿದೆ. ಆಗ ಕಂಪ್ಯೂಟರು ಎಲ್ಲಿ? ಮಡಿಲಿನಗಲದ ಲೆಡ್ಜರುಗಳು, ಶಾಯಿ ಪೆನ್ನು, ಸಂಜೆ ಹತ್ತು ಪೈಸೆ ತಾಳೆಯಾಗಲಿಲ್ಲ ಅಂದರೆ ರಾತ್ರಿ ಎಂಟಾದರೂ ಮನೆಗೆ ಹೋಗುವ ಹಾಗಿಲ್ಲ. 1979ರಲ್ಲಿ ಬ್ಯಾಂಕಿನ ನೌಕರರ ವಾಹನ ಸಾಲ ಪಡೆದು ಯೆಜ್ಡಿ ರೋಡ್‌ಕಿಂಗ್ ಕೊಂಡೆ. 250 ಸಿಸಿ. ಆ ಕಾಲಕ್ಕೆ ಅದು ನಮ್ಮ ಪಾಲಿನ ರೇಸ್ ಕುದುರೆ.

ಮಕ್ಕಳೇ, ಆ ಗಾಡಿಯ ಒಂದು ಚಮತ್ಕಾರ ಹೇಳುತ್ತೇನೆ ಕೇಳಿ. ಅದರಲ್ಲಿ ಕಿಕ್ ಹೊಡೆಯುವ ಲಿವರ್ರೇ ಗೇರ್ ಲಿವರ್ರು. ಕಿಕ್ ಹೊಡೆದು ಎಂಜಿನ್ ಶುರುವಾದ ಮೇಲೆ ಅದೇ ಲಿವರನ್ನು ಮುಂದಕ್ಕೆ ತಿರುಗಿಸಿದರೆ ಗೇರು ಹಾಕಲು ತಯಾರು. ಗೊತ್ತಿಲ್ಲದವರು ಗಾಡಿಯ ಸುತ್ತ ಗೇರ್ ಲಿವರ್ ಹುಡುಕುತ್ತಾ ಪ್ರದಕ್ಷಿಣೆ ಹಾಕುತ್ತಿದ್ದರು. ಇನ್ನೊಂದು ವಿಷಯ. ಅದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಆ ಎಣ್ಣೆಯೇ ಒಳಗಿನ ಭಾಗಗಳಿಗೆ ಜಿಡ್ಡು ಕೊಡುತ್ತಾ ಪೆಟ್ರೋಲಿನ ಜೊತೆ ಸುಟ್ಟು ಹೋಗುತ್ತದೆ. ನೀಲಿ ಹೊಗೆ ಬರುತ್ತಿದ್ದದ್ದು ಅದರಿಂದ. ನನ್ನ ಶರ್ಟುಗಳಿಗೆಲ್ಲ ಆ ವಾಸನೆ ಹಿಡಿದಿರುತ್ತಿತ್ತು. "ನಿಮ್ಮನ್ನ ಕಣ್ಣುಮುಚ್ಚಿಕೊಂಡೇ ಗುರುತು ಹಿಡೀಬಹುದು" ಅನ್ನುತ್ತಿದ್ದಳು ನನ್ನ ಹೆಂಡತಿ. ಅದು ಹೊಗಳಿಕೆಯೋ ತೆಗಳಿಕೆಯೋ ಅಂತ ನಾನು ಕೇಳಲಿಲ್ಲ.

ಆ ಗಾಡಿಯ ಮೇಲೆ ನಂಜನಗೂಡು, ಗುಂಡ್ಲುಪೇಟೆ, ಬಿಳಿಗಿರಿರಂಗನ ಬೆಟ್ಟ ಸುತ್ತಿದೆ. ಮಗಳು ಹುಟ್ಟಿ ಕೂರುವಷ್ಟು ದೊಡ್ಡವಳಾದ ಮೇಲೆ ಟ್ಯಾಂಕಿನ ಮೇಲೆ ಅವಳು, ಹಿಂದೆ ಹೆಂಡತಿ. ಯಾರ ತಲೆಗೂ ಹೆಲ್ಮೆಟ್ ಇರಲಿಲ್ಲ. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಮಕ್ಕಳೇ, ತಾತಂದಿರು ಮಾಡಿದ್ದೆಲ್ಲ ಸರಿ ಅಂದುಕೊಳ್ಳಬೇಡಿ. ಇದು ಖಂಡಿತ ಸರಿಯಲ್ಲ.

1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಅದಾಗಿ ಎರಡು ವರ್ಷಕ್ಕೆ ನನ್ನ ರೋಡ್‌ಕಿಂಗ್ ಕೂಡ ಮನೆ ಬಿಟ್ಟಿತು. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಮೊದಲ ವರ್ಷದ ಶುಲ್ಕಕ್ಕೆ ಸ್ವಲ್ಪ ಹಣ ಕಮ್ಮಿ ಬಿತ್ತು. ಕೊಂಡವನು ಕಿಕ್ ಹೊಡೆದು ಬೀದಿ ತಿರುವಿನಲ್ಲಿ ಮರೆಯಾದ ಮೇಲೂ ದನಿ ಕೇಳುತ್ತಿತ್ತು. ಮಗಳಿಗೆ "ಹಳೇ ಗಾಡಿ, ರಿಪೇರಿ ಜಾಸ್ತಿ ಆಯ್ತು" ಅಂತ ಹೇಳಿದೆ. ಆಮೇಲೆ ಹದಿಮೂರು ವರ್ಷ ಸೆಕೆಂಡ್ ಹ್ಯಾಂಡ್ ಸ್ಕೂಟರಿನಲ್ಲಿ ಬ್ಯಾಂಕಿಗೆ ಹೋಗಿ ಬಂದೆ. ಸ್ಕೂಟರನ್ನು ಬೈಯುವುದಿಲ್ಲ. ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಅತ್ತೆಯವರು ಎಲ್ಲರನ್ನೂ ಅದು ಸಮನಾಗಿ ಹೊತ್ತಿತು.

2011ರ ಫೆಬ್ರುವರಿಯಲ್ಲಿ ನಿವೃತ್ತನಾದೆ. ಹಾರ, ಶಾಲು, ಒಂದು ಗೋಡೆ ಗಡಿಯಾರ. ಸಮಯ ನೋಡಬೇಕಾದ ಅಗತ್ಯವೇ ಮುಗಿದ ದಿನ ನಮ್ಮವರು ಗಡಿಯಾರ ಕೊಡುತ್ತಾರೆ. ಮುಂದಿನ ತಿಂಗಳು ಹೆಂಡತಿಗೆ ಹೇಳಿ (ಕೇಳಿ ಅಲ್ಲ, ಹೇಳಿ) ಮೊದಲ ಆರ್15 ಕೊಂಡೆ. ಅವಳು ಅದನ್ನು ಒಂದು ಸುತ್ತು ನೋಡಿ, "ನಾನೆಲ್ಲಿ ಕೂರೋದು?" ಅಂದಳು. ಹಿಂದೆ ಇದ್ದದ್ದು ಹಪ್ಪಳದಷ್ಟು ಸೀಟು. ಅದಕ್ಕೇ ನಮ್ಮ ಮನೆಯಲ್ಲಿ ಆವತ್ತಿನಿಂದ ಇಬ್ಬರೂ ಹೋಗಬೇಕಾದರೆ ಸಿಟಿ ಬಸ್ಸು.

ಅರವತ್ತರ ಮೇಲೆ ಇಂಥ ಗಾಡಿ ಕಲಿಯುವುದು ಸುಲಭವಲ್ಲ. ಮೊದಲ ವಾರ ಮಣಿಕಟ್ಟು, ಕತ್ತು, ಸೊಂಟ ಮೂರೂ ಮುಷ್ಕರ ಹೂಡಿದವು. ಆಮೇಲೆ ತಿಳಿಯಿತು, ಮೈಭಾರವನ್ನು ಕೈ ಮೇಲೆ ಹಾಕಬಾರದು, ಮಂಡಿಗಳಿಂದ ಟ್ಯಾಂಕನ್ನು ಅಪ್ಪಿ ಹಿಡಿದು ಹೊಟ್ಟೆ ಬೆನ್ನಿನ ಬಲದಿಂದ ಕೂರಬೇಕು. ತಿರುವಿನಲ್ಲಿ ಇನ್ನೊಂದು ಪಾಠ. ಸ್ವಲ್ಪ ವೇಗದಲ್ಲಿರುವಾಗ ಗಾಡಿ ಎಡಕ್ಕೆ ಹೋಗಬೇಕಾದರೆ ಎಡಗೈಯ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಆಗ ಗಾಡಿ ಎಡಕ್ಕೆ ವಾಲಿ ಎಡಕ್ಕೆ ತಿರುಗುತ್ತದೆ. ಕೇಳಿದರೆ ಉಲ್ಟಾ ಅನಿಸುತ್ತದೆ. ಸೈಕಲ್ ಹೊಡೆಯುವ ನೀವೂ ಗೊತ್ತಿಲ್ಲದೆ ಇದನ್ನೇ ಮಾಡುತ್ತೀರಿ. ಎಲ್ಲಕ್ಕಿಂತ ಮುಖ್ಯ ಕಣ್ಣು. ತಿರುವಿನಲ್ಲಿ ಗುಂಡಿಯನ್ನೇ ನೋಡುತ್ತಿದ್ದರೆ ಗುಂಡಿಗೇ ಹೋಗುತ್ತೀರಿ, ದಾರಿ ನೋಡಿದರೆ ದಾರಿಗೆ. ಇದು ಗಾಡಿಗೆ ಮಾತ್ರ ಹೇಳಿದ ಮಾತಲ್ಲ ಅಂತ ನಮ್ಮ ಹಿರಿಯರು ಒಪ್ಪುತ್ತಾರೆ.

2019ರಲ್ಲಿ ಹಳೆಯದನ್ನು ಕೊಟ್ಟು ಎಬಿಎಸ್ ಇರುವ ಹೊಸ ಆರ್15 ತಂದೆ. ಬ್ರೇಕನ್ನು ಗಟ್ಟಿಯಾಗಿ ಅದುಮಿದರೆ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರಲು ಶುರುಮಾಡುತ್ತದೆ. ಹಾಗಾಗದಂತೆ ಬ್ರೇಕನ್ನು ಕ್ಷಣಕ್ಕೆ ಹಲವು ಸಲ ಬಿಟ್ಟು ಹಿಡಿದು ಮಾಡುವ ಉಪಕರಣವೇ ಎಬಿಎಸ್. ಆ ವರ್ಷದಿಂದ 125 ಸಿಸಿ ಮೇಲಿನ ಬೈಕುಗಳಿಗೆಲ್ಲ ಅದು ಕಡ್ಡಾಯವಾಯಿತು. ಕ್ಲಚ್ಚು ಕೂಡ ಹಗುರ. ಎಡಗೈಯ ಬೆರಳುಗಳಿಗೆ ಸಂಧಿವಾತದ ಮೊದಲ ನೋಟೀಸು ಬಂದಿದ್ದ ನನಗೆ ಅದೇ ದೊಡ್ಡ ಉಪಕಾರ. ಇನ್ನು ಏನಾದೀತು ಅಂದುಕೊಂಡೆ.

ಆದದ್ದು 2022ರಲ್ಲಿ. ಬೆಟ್ಟದ ತಿರುವಿನಲ್ಲಲ್ಲ, ಹೆದ್ದಾರಿಯಲ್ಲಲ್ಲ. ನಮ್ಮ ಮನೆಯಿಂದ ಒಂದು ಕಿಲೋಮೀಟರ್ ದೂರದ ಸಿಗ್ನಲ್ಲಿನಲ್ಲಿ, ಕೆಂಪು ದೀಪಕ್ಕೆ ನಿಂತಿದ್ದಾಗ. ವೇಗ: ಸೊನ್ನೆ. ಎಡಗಾಲು ಊರಿದ ಕಡೆ ಮರಳಿತ್ತು. ಕಾಲು ಸ್ವಲ್ಪ ಜಾರಿತು. ಹತ್ತು ವರ್ಷದ ಹಿಂದಾಗಿದ್ದರೆ ಮಂಡಿ ಬಿಗಿಹಿಡಿದು ನಿಲ್ಲಿಸುತ್ತಿದ್ದೆ. ಈ ಸಲ ಮಂಡಿ ನನ್ನ ಮಾತು ಕೇಳಲಿಲ್ಲ. ಸುಮಾರು 140 ಕಿಲೋ ತೂಕದ ಗಾಡಿ ಬಹಳ ನಿಧಾನವಾಗಿ, ಸಭ್ಯವಾಗಿ, ನನ್ನನ್ನು ಕರೆದುಕೊಂಡು ಮಲಗಿತು. ನಿಂತ ಗಾಡಿಗೆ ಎಬಿಎಸ್ ಕೆಲಸ ಮಾಡುವುದಿಲ್ಲ ಮಕ್ಕಳೇ.

ಆಟೋದವರಿಬ್ಬರು ಓಡಿ ಬಂದು ಎತ್ತಿದರು. ಒಬ್ಬರು "ಯಾಕೆ ಯಜಮಾನ್ರೇ ಈ ವಯಸ್ಸಲ್ಲಿ" ಅಂದರು. ಮಣಿಕಟ್ಟಿನ ಮೂಳೆಯಲ್ಲಿ ಬಿರುಕು, ಆರು ವಾರ ಪ್ಲಾಸ್ಟರು. ನೋವಿಗಿಂತ ಹೆಚ್ಚಾಗಿ ಚುಚ್ಚಿದ್ದು 'ಈ ವಯಸ್ಸಲ್ಲಿ' ಅನ್ನುವ ಮಾತು. ಏಕೆಂದರೆ ಅದು ನಿಜವಾಗಿತ್ತು.

ಸಂಜೆ ಮಗಳು ಬಂದಳು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವಳ ಮನೆ. ಮಾತಿಲ್ಲದೆ ಬಾಗಿಲ ಹಿಂದಿನ ಗೂಟದಿಂದ ಬೈಕಿನ ಕೀಲಿ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಯಾಕಪ್ಪಾ ಬೇಕು ಇದು? ಇವತ್ತು ಕೈ. ನಾಳೆ ಇನ್ನೇನಾದರೂ ಆದರೆ? ಬಿದ್ದಾಗ ಪಕ್ಕದಲ್ಲಿ ಒಂದು ಮಗು ನಿಂತಿದ್ದಿದ್ದರೆ?"

ಮೊದಲ ಎರಡು ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. ಮೂರನೆಯದಕ್ಕೆ ಇರಲಿಲ್ಲ. ನಾನು ಸುಮ್ಮನೆ ಕೂತೆ.

ಆಗ ನನ್ನ ಹೆಂಡತಿ, ಅಲ್ಲಿಯವರೆಗೆ ಮಗಳ ಪಕ್ಷದಲ್ಲಿದ್ದವಳು, ಇದ್ದಕ್ಕಿದ್ದಂತೆ ಹೇಳಿಬಿಟ್ಟಳು: "ನಿನ್ನ ಫೀಸಿಗೆ ಅಂತ ಯೆಜ್ಡಿ ಮಾರಿದವರು ಕಣೇ ಅವರು. ಆವತ್ತು ರಾತ್ರಿ ಊಟ ಮಾಡಲಿಲ್ಲ. ಅದೊಂದು ಆಸೆ. ಹೀಗೆ ಕಿತ್ಕೋಬೇಡ."

ಮಗಳು ನನ್ನ ಮುಖ ನೋಡಿದಳು. ಇಪ್ಪತ್ತನಾಲ್ಕು ವರ್ಷ ಮುಚ್ಚಿಟ್ಟದ್ದು ಒಂದು ನಿಮಿಷದಲ್ಲಿ ಹೊರಬಂತು. ಅವಳ ಕಣ್ಣು ತುಂಬಿತು. ಬ್ಯಾಗಿಗೆ ಕೈ ಹಾಕಿ ಕೀಲಿ ತೆಗೆದು ಮೇಜಿನ ಮೇಲಿಟ್ಟಳು.

ಓದುಗರೇ, ಗೆದ್ದೆ ಅಂತ ಆ ಕೀಲಿಯನ್ನು ಎತ್ತಿಕೊಳ್ಳಬಹುದಿತ್ತು. ಆದರೆ ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಕಲಿತ ಒಂದು ಪಾಠ ಅಡ್ಡ ಬಂತು. ತೀರಿಹೋದ ಹಳೆಯ ಲೆಕ್ಕ ತೋರಿಸಿ ಹೊಸ ಸಾಲ ಕೇಳಬಾರದು. ಹೊಸ ಸಾಲಕ್ಕೆ ಇವತ್ತಿನ ಯೋಗ್ಯತೆ ನೋಡಬೇಕು. ಮಗಳಿಗೆ ಓದಿಸಿದ್ದು ಅಪ್ಪನ ಕೆಲಸ. ಅದಕ್ಕೂ, 71ರ ಮುದುಕ ರಸ್ತೆಯಲ್ಲಿ ಬೈಕ್ ಓಡಿಸಬಹುದೋ ಇಲ್ಲವೋ ಅನ್ನುವುದಕ್ಕೂ ಸಂಬಂಧವಿಲ್ಲ. ರಸ್ತೆ ಬದಿ ನಿಂತ ಆ ಮಗುವಿಗೆ ನಾನು ಯೆಜ್ಡಿ ಮಾರಿದ ಕತೆಯಿಂದ ಏನಾಗಬೇಕು?

"ಕೀಲಿ ನಿನ್ನ ಹತ್ತಿರಾನೇ ಇರಲಿ" ಅಂದೆ. "ಪ್ಲಾಸ್ಟರ್ ತೆಗೆಯೋ ತನಕ ಯೋಚನೆ ಮಾಡ್ತೀನಿ."

ಆ ಆರು ವಾರದಲ್ಲಿ ಮೊಮ್ಮಕ್ಕಳು ದಿನಾ ಸಂಜೆ ಬರುತ್ತಿದ್ದರು. ಮೊಮ್ಮಗ ಆಗ ಒಂಬತ್ತನೇ ತರಗತಿ, ಮೊಮ್ಮಗಳು ಐದನೇ ತರಗತಿ. ತಾತನಿಗೆ ಬೇಸರ ಕಳೆಯಲಿ ಅಂತ ಮೊಮ್ಮಗ ಒಂದು ಸಿನಿಮಾ ಹಾಕಿದ. 'ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್'. "ಯಾರೋ ನಮ್ಮ ದೇಶದವನು ತಾತ" ಅಂತ ಮೊಮ್ಮಗಳು ಖುಷಿಯಿಂದ ಕೂತಳು. ನೋಡಿದರೆ 'ಇಂಡಿಯನ್' ಎನ್ನುವುದು ಅಮೆರಿಕದ ಒಂದು ಬೈಕಿನ ಹೆಸರು! ಓಡಿಸಿದವನು ನ್ಯೂಜಿಲೆಂಡಿನ ಬರ್ಟ್ ಮನ್ರೋ. ನಿಜವಾಗಿ ಬದುಕಿದ್ದ ಮನುಷ್ಯ, ಹುಟ್ಟಿದ್ದು 1899ರಲ್ಲಿ. 1920ರ ಇಂಡಿಯನ್ ಸ್ಕೌಟ್ ಗಾಡಿಯನ್ನು ಇಟ್ಟುಕೊಂಡು, ಅದರ ಪಿಸ್ಟನ್ನುಗಳನ್ನು ತನ್ನ ಶೆಡ್ಡಿನಲ್ಲಿ ತಾನೇ ಎರಕ ಹೊಯ್ದು, ದಶಕಗಳ ಕಾಲ ತಿದ್ದಿ ತೀಡಿ, 1967ರಲ್ಲಿ ಅಮೆರಿಕದ ಬಾನ್‌ವಿಲ್ ಎಂಬ ಉಪ್ಪಿನ ಬಯಲಿನಲ್ಲಿ ಗಂಟೆಗೆ 184 ಮೈಲಿ, ಅಂದರೆ ಸುಮಾರು 296 ಕಿಲೋಮೀಟರ್ ವೇಗದಲ್ಲಿ ಓಡಿಸಿ ದಾಖಲೆ ಮಾಡಿದ. ಆಗ ಅವನಿಗೆ 68 ವರ್ಷ.

"ನೋಡಿದೆಯಾ?" ಅಂತ ಹೆಂಡತಿಯ ಕಡೆ ತಿರುಗಿದೆ.

"ಅದು ಉಪ್ಪಿನ ಬಯಲು ರೀ. ಅಲ್ಲಿ ಎಮ್ಮೆ ಅಡ್ಡ ಬರಲ್ಲ" ಅಂದಳು ಅವಳು, ಹುರುಳಿಕಾಯಿ ಸೋಸುತ್ತಾ.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಬರ್ಟ್ ಮನ್ರೋಗೆ ಬೇಕಿದ್ದದ್ದು ಧೈರ್ಯ ಮತ್ತು ಒಳ್ಳೆಯ ಪಿಸ್ಟನ್. ನನಗೆ ಬೇಕಿರುವುದು ಎಮ್ಮೆ ಅಡ್ಡ ಬಂದಾಗ ನಿಲ್ಲುವ ಶಕ್ತಿ. ಅದು ನನ್ನಲ್ಲಿ ಎಷ್ಟಿದೆ? ತಿಳಿಯುವುದು ಹೇಗೆ?

ಉಪಾಯ ಹೇಳಿದವನು ಮೊಮ್ಮಗ. ಪಾಠಪುಸ್ತಕದಲ್ಲಿ ಅವನು ಚಲನೆಯ ಸಮೀಕರಣ ಓದುತ್ತಿದ್ದ. ಮೂವತ್ತು ಸೆಂಟಿಮೀಟರಿನ ಸ್ಕೇಲನ್ನು ಒಬ್ಬರು ತುದಿಯಲ್ಲಿ ನೇತಾಡುವಂತೆ ಹಿಡಿಯುವುದು. ಇನ್ನೊಬ್ಬರು ಕೆಳಗೆ, ಸೊನ್ನೆಯ ಗುರುತಿನ ಹತ್ತಿರ, ಮುಟ್ಟದೆ ಹೆಬ್ಬೆರಳು ತೋರುಬೆರಳು ಅಗಲಿಸಿ ಕಾಯುವುದು. ಹೇಳದೆ ಕೇಳದೆ ಸ್ಕೇಲು ಬಿಟ್ಟಾಗ ಹಿಡಿಯುವುದು. ಎಷ್ಟು ಸೆಂಟಿಮೀಟರಿನಲ್ಲಿ ಹಿಡಿದಿರಿ ಅನ್ನುವುದರಿಂದ ಎಷ್ಟು ಹೊತ್ತು ತೆಗೆದುಕೊಂಡಿರಿ ಅಂತ ಲೆಕ್ಕ ಹಾಕಬಹುದು. ಬೀಳುವ ವಸ್ತು 15 ಸೆಂಟಿಮೀಟರ್ ಇಳಿಯಲು ಸುಮಾರು 0.175 ಸೆಕೆಂಡು ಬೇಕು, 20 ಸೆಂಟಿಮೀಟರಿಗೆ ಸುಮಾರು 0.2 ಸೆಕೆಂಡು. ನೀವೂ ಮನೆಯಲ್ಲಿ ಅಜ್ಜ ಅಜ್ಜಿಯ ಜೊತೆ ಆಡಿ ನೋಡಿ. ಖರ್ಚಿಲ್ಲದ ಆಟ.

ಮೊಮ್ಮಗ 15ರಲ್ಲಿ ಹಿಡಿದ. ನಾನು ಚೆನ್ನಾಗಿದ್ದ ಬಲಗೈಯಲ್ಲಿ, ಮೂರು ಸಲದ ಸರಾಸರಿ, 23ರಲ್ಲಿ ಹಿಡಿದೆ. ಅಂದರೆ ಸುಮಾರು 0.217 ಸೆಕೆಂಡು. ಅವನಿಗೂ ನನಗೂ ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಗುಮಾಸ್ತನ ಬುದ್ಧಿ ತಕ್ಷಣ ಲೆಕ್ಕ ಹಾಕಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಹದಿನಾರು ಚಿಲ್ಲರೆ ಮೀಟರ್ ಹೋಗುತ್ತದೆ. ಆ ವ್ಯತ್ಯಾಸದಲ್ಲಿ ಹೆಚ್ಚಾಗುವುದು ಎಪ್ಪತ್ತು ಸೆಂಟಿಮೀಟರ್. ಒಂದು ಮೊಳ ಮತ್ತೊಂದು ಗೇಣು!

"ಇಷ್ಟೇನಾ ನಿನ್ನ ಹರೆಯ?" ಅಂತ ಮೊಮ್ಮಗನ ಬೆನ್ನು ತಟ್ಟಿದೆ. ಕೀಲಿ ಕೈಗೆ ಬಂದೇ ಬಿಟ್ಟಿತು ಅನ್ನಿಸಿತು.

ಆಗ ಮೂಲೆಯಲ್ಲಿ ಕೂತು ಬಣ್ಣ ಹಾಕುತ್ತಿದ್ದ ಮೊಮ್ಮಗಳು ತಲೆ ಎತ್ತಿದಳು. "ತಾತ, ರೋಡಲ್ಲಿ ಒಂದೇ ಸ್ಕೇಲ್ ಇರುತ್ತಾ?"

"ಅಂದರೆ?"

"ಆ ಕಡೆಯಿಂದ ನಾಯಿ ಬರುತ್ತೆ, ಈ ಕಡೆಯಿಂದ ಆಟೋ ಬರುತ್ತೆ. ಯಾವುದು ಅಂತ ನೋಡಬೇಕಲ್ವಾ?"

ಅವಳ ಸ್ಕೇಲೂ ಬಂತು. ಕೈಗಳೆರಡೂ ಬೇಕಿದ್ದರಿಂದ ಈ ಪರೀಕ್ಷೆ ನಡೆದದ್ದು ಪ್ಲಾಸ್ಟರ್ ತೆಗೆದು ಕೈ ಪಳಗಿದ ಮೇಲೆ. ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಒಂದೊಂದು ಸ್ಕೇಲು. ಯಾವುದು ಬೀಳುತ್ತದೋ ಗೊತ್ತಿಲ್ಲ. ಎಡಗಡೆಯದು ಬಿದ್ದರೆ ಎಡಗೈ, ಬಲಗಡೆಯದು ಬಿದ್ದರೆ ಬಲಗೈ. ತಪ್ಪು ಕೈ ಮುಚ್ಚಿದರೆ ಔಟು. ಹತ್ತು ಸಲ.

ಮೊಮ್ಮಗ ಹತ್ತರಲ್ಲಿ ಒಂಬತ್ತು ಹಿಡಿದ. ನಾನು ಮೂರು.

ಏಳು ಸಲ ಸ್ಕೇಲು ನೆಲಕ್ಕೆ ಬಿದ್ದ 'ಟಪ್' ಶಬ್ದ ಈಗಲೂ ಕಿವಿಯಲ್ಲಿದೆ. ಕೈಗೆ ವಯಸ್ಸಾಗಿದ್ದು ಸ್ವಲ್ಪವೇ. ಆದರೆ 'ಇದೋ ಅದೋ' ಎಂದು ತೀರ್ಮಾನಿಸುವ ಜಾಗಕ್ಕೆ ಹೆಚ್ಚು ವಯಸ್ಸಾಗಿತ್ತು. ಮೂವತ್ತೆಂಟು ವರ್ಷ ನೋಟು ಎಣಿಸಿದ ಬೆರಳುಗಳ ಮೇಲಿನ ನಂಬಿಕೆಯಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಐದನೇ ತರಗತಿಯ ಹುಡುಗಿ ನನ್ನ ಲೆಡ್ಜರಿನ ತಪ್ಪನ್ನು ಒಂದೇ ಪ್ರಶ್ನೆಯಲ್ಲಿ ಹಿಡಿದುಬಿಟ್ಟಿದ್ದಳು.

ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಪ್ಪಾ, ಇನ್ನೊಂದು ಸಲ ನೋಡಿ" ಅಂದಳು. ದನಿಯಲ್ಲಿ ಗೆದ್ದ ಭಾವ ಇರಲಿಲ್ಲ. ಅವಳಿಗೂ ನಾನು ಪಾಸಾಗಲಿ ಅಂತ ಆಸೆ ಇತ್ತು ಅಂತ ಆಗ ಗೊತ್ತಾಯಿತು.

ಹೀಗೆ ಶುರುವಾದದ್ದು ನಮ್ಮ ಮನೆಯ ವಾರ್ಷಿಕ ಪರೀಕ್ಷೆ. ಆಗ ಎಸ್ಸೆಸ್ಸೆಲ್ಸಿಯಲ್ಲಿ ಪಾಸಿಗೆ 35 ಬೇಕಿತ್ತು, ಅದಕ್ಕೇ ಹತ್ತರಲ್ಲಿ ನಾಲ್ಕು ಹಿಡಿದರೆ ಪಾಸು ಅಂತ ಮೊಮ್ಮಗ ತೀರ್ಪು ಕೊಟ್ಟ. ಫೇಲಾದರೆ ಒಂದು ತಿಂಗಳ ನಂತರ ಪೂರಕ ಪರೀಕ್ಷೆ. ಅದರಲ್ಲೂ ಫೇಲಾದರೆ ಕೀಲಿ ಕಾಯಂ ಆಗಿ ಮಗಳ ಕೈಗೆ. ಒಂದು ತಿಂಗಳು ಅಭ್ಯಾಸ ಮಾಡಿ ಪೂರಕ ಪರೀಕ್ಷೆಯಲ್ಲಿ ಐದು ಹಿಡಿದೆ. ಅಭ್ಯಾಸದಿಂದ ಬಂದ ಅಂಕ ಸ್ಕೇಲು ಹಿಡಿಯುವುದಕ್ಕೆ ಬಂದದ್ದೋ ರಸ್ತೆಗೂ ಆಗುತ್ತದೋ ಎಂಬ ಅನುಮಾನ ನನಗೇ ಇತ್ತು. ಅದಕ್ಕೇ ಪರೀಕ್ಷೆಯ ಜೊತೆಗೆ ಕೆಲವು ನಿಯಮಗಳನ್ನೂ ನಾನೇ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದೆ. ಹೆಂಡತಿ ಸಾಕ್ಷಿ.

ಪೇಟೆಯೊಳಗೆ ಜನ ಗಿಜಿಗುಡುವ ಹೊತ್ತಿನಲ್ಲಿ ಈ ಗಾಡಿ ತೆಗೆಯುವುದಿಲ್ಲ. ಅಲ್ಲಿ ಬರುವುದು ಎರಡು ಸ್ಕೇಲಲ್ಲ, ಇಪ್ಪತ್ತು. ಕತ್ತಲಾದ ಮೇಲೆ ಇಲ್ಲ. ಕಣ್ಣಿನ ಪೊರೆ ತೆಗೆಸಿದ್ದರೂ ಎದುರಿನ ದೀಪಗಳು ನನಗೆ ಹೂಬಾಣದಂತೆ ಕಾಣುತ್ತವೆ. ಮಳೆಯಲ್ಲಿ ಇಲ್ಲ. 60ರ ಮೇಲೆ ಮುಳ್ಳು ಹೋಗಬಾರದು. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಗಾಡಿ ಉರುಳುವ ದೂರ ನಾಲ್ಕರಷ್ಟಾಗುತ್ತದೆ ಅನ್ನುವುದನ್ನು ಮೊಮ್ಮಗ ಸಾಬೀತು ಮಾಡಿ ತೋರಿಸಿದ್ದಾನೆ. ನಿದ್ದೆ ಕೆಟ್ಟ ದಿನ, ತಲೆಸುತ್ತು ತರುವ ಮಾತ್ರೆ ನುಂಗಿದ ದಿನ ಇಲ್ಲ. ಹಿಂದೆ ಯಾರನ್ನೂ ಕೂರಿಸುವುದಿಲ್ಲ. ದಿನವೂ ಬೆಳಿಗ್ಗೆ ಗೋಡೆ ಹಿಡಿದು ಇಪ್ಪತ್ತು ಬಸ್ಕಿ. ಸಿಗ್ನಲ್ಲಿನಲ್ಲಿ ನನ್ನನ್ನು ಕೆಡವಿದ್ದು ಮಂಡಿ ತಾನೇ?

ನೀವು ಕೇಳಬಹುದು, ಇಷ್ಟೆಲ್ಲ ಕಟ್ಟಳೆ ಹಾಕಿಕೊಂಡ ಮೇಲೆ ಉಳಿದದ್ದೇನು ಅಂತ. ಉಳಿದದ್ದನ್ನು ಹೇಳುತ್ತೇನೆ. ತಿಂಗಳಿಗೆ ಎರಡು ಸಲ, ಬೆಳಕು ಹರಿಯುತ್ತಿದ್ದಂತೆ ಹೊರಟು, ಶ್ರೀರಂಗಪಟ್ಟಣ ದಾಟಿ, ಪಾಂಡವಪುರದ ಕಡೆ ತಿರುಗುತ್ತೇನೆ. ಎರಡೂ ಕಡೆ ನಾಲೆ ನೀರಿನ ಗದ್ದೆಗಳು, ಕಬ್ಬು, ಆಲೆಮನೆಯ ಬೆಲ್ಲದ ಪರಿಮಳ. ತೊಣ್ಣೂರು ಕೆರೆಯ ಕಡೆಯಿಂದ ತಣ್ಣನೆ ಗಾಳಿ ಹೆಲ್ಮೆಟ್ಟಿನ ಕೆಳಗಿಂದ ನುಗ್ಗುತ್ತದೆ. ಮೇಲುಕೋಟೆಯ ಏರಿನಲ್ಲಿ ಎರಡು ಗೇರು ಇಳಿಸಿ, ತಿರುವಿನ ತುದಿಗೆ ಕಣ್ಣಿಟ್ಟು, ಹಿಡಿಯನ್ನು ಮೆಲ್ಲಗೆ ಒತ್ತಿದಾಗ ಗಾಡಿ ಮಗುವಿನಂತೆ ವಾಲುತ್ತದೆ. ವೇಗ 40 ಇರಬಹುದು, ಅಷ್ಟೆ. ಆ ಹೊತ್ತಿನಲ್ಲಿ ಸಕ್ಕರೆ ಕಾಯಿಲೆ, ಪಿಂಚಣಿ, ಹೋದ ವರ್ಷ ತೀರಿಕೊಂಡ ಗೆಳೆಯ ಯಾವುದೂ ನೆನಪಿಗೆ ಬರುವುದಿಲ್ಲ. ಬರಬಾರದು ಕೂಡ. ಬಂದರೆ ತಿರುವು ತಪ್ಪುತ್ತದೆ. ಮನಸ್ಸು ಪೂರ್ತಿಯಾಗಿ ಒಂದೇ ಕಡೆ ಇರುವ ಜಾಗ ಈ ವಯಸ್ಸಿನಲ್ಲಿ ಕೆಲವರಿಗೆ ದೇವರ ಕೋಣೆಯಲ್ಲಿ ಸಿಗುತ್ತದೆ, ಕೆಲವರಿಗೆ ವೀಣೆಯಲ್ಲಿ. ನನಗೆ ಸಿಕ್ಕಿದ್ದು ಆ ತಿರುವಿನಲ್ಲಿ. ಮಗಳು ಆವತ್ತು ಕೇಳಿದ 'ಯಾಕಪ್ಪಾ ಬೇಕು' ಅನ್ನುವ ಪ್ರಶ್ನೆಗೆ ಇದೇ ಉತ್ತರ. ಹೇಳಲು ನನಗೆ ಒಂದು ವರ್ಷ ಬೇಕಾಯಿತು.

ಕಲ್ಯಾಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು, ಪುಳಿಯೋಗರೆ ಕಟ್ಟಿಸಿಕೊಂಡು, ಪೇಟೆಯ ಗದ್ದಲ ಶುರುವಾಗುವ ಮುಂಚೆ ಮನೆಗೆ. ಹೆಂಡತಿ ಪೊಟ್ಟಣ ಬಿಚ್ಚುವ ಮುಂಚೆ ನನ್ನ ಕೈಕಾಲು ನೋಡುತ್ತಾಳೆ.

ಮೊಮ್ಮಗನಿಗೆ ಈಗ ಹದಿನಾರು. ಹೋದ ತಿಂಗಳು ಮೆಲ್ಲಗೆ ಬಂದು ಕೇಳಿದ: "ತಾತ, ನಮ್ಮ ಬೀದೀಲೇ ಒಂದು ರೌಂಡು?" ಅವನ ಕೈ ಹತ್ತರಲ್ಲಿ ಒಂಬತ್ತು ಹಿಡಿಯುವ ಕೈ. ಆದರೂ ಇಲ್ಲ ಅಂದೆ. ಗೇರಿನ ಗಾಡಿಗೆ ಹದಿನೆಂಟಾಗಬೇಕು. ಅದಕ್ಕೆ ಮುಂಚೆ ಕೊಟ್ಟರೆ ದೊಡ್ಡವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. "ನನ್ನನ್ನ ನೀವು ಪರೀಕ್ಷೆಯಿಲ್ಲದೆ ಬಿಟ್ಟಿರಾ? ನಿನಗೂ ಇಲ್ಲ" ಅಂದೆ. ಮುಖ ಸಣ್ಣದು ಮಾಡಿಕೊಂಡ. ಆದರೆ ಒಪ್ಪಿದ. ನಿಯಮ ಇಬ್ಬರಿಗೂ ಒಂದೇ ಆಗಿದ್ದರೆ ಹುಡುಗರು ಒಪ್ಪುತ್ತಾರೆ.

ಈಗ ಫಲಿತಾಂಶಕ್ಕೆ ಬರೋಣ. ಪರೀಕ್ಷೆ ನಡೆಯುವುದು ನನ್ನ ಹುಟ್ಟುಹಬ್ಬದ ದಿನ, ಫೆಬ್ರುವರಿಯಲ್ಲಿ, ಪಾಯಸಕ್ಕೆ ಮುಂಚೆ. 2023ರಲ್ಲಿ ಐದು. 2024ರಲ್ಲೂ ಐದು. ಈ ವರ್ಷ ನಾಲ್ಕು. ಹತ್ತನೆಯ ಸ್ಕೇಲನ್ನು 29 ಸೆಂಟಿಮೀಟರಿನ ಗುರುತಿನಲ್ಲಿ, ಇನ್ನೇನು ಜಾರಿತು ಅನ್ನುವಾಗ ಹಿಡಿದೆ. ಬಿಡುವಾಗ ಮೊಮ್ಮಗಳ ಕೈ ನಡುಗುತ್ತಿತ್ತು. ಅವಳು ಮೋಸ ಮಾಡಿ ಮೆಲ್ಲಗೆ ಬಿಡಬಹುದಿತ್ತು. ಮಾಡಲಿಲ್ಲ. ಅದಕ್ಕಾಗಿ ಅವಳ ಮೇಲೆ ನನಗೆ ಬಹಳ ಗೌರವ.

ಮುಂದಿನ ಫೆಬ್ರುವರಿಗೆ ನನಗೆ 75. ಲೈಸೆನ್ಸ್ ನವೀಕರಣವೂ ಆಗಲೇ ಬರುತ್ತದೆ. ವೈದ್ಯರ ಸರ್ಟಿಫಿಕೇಟು ಕೊಡಬೇಕು, ಕಣ್ಣು ಕಿವಿ ತೋರಿಸಬೇಕು. ಅದು ಸರ್ಕಾರದ ಪರೀಕ್ಷೆ, ಪಾಸಾದರೂ ಆಗಬಹುದು. ಮನೆಯ ಪರೀಕ್ಷೆಯೇ ಕಷ್ಟದ್ದು. ಮೂರಕ್ಕೆ ಇಳಿದರೆ, ಪೂರಕದಲ್ಲೂ ಮೂರೇ ಬಂದರೆ, ಕೀಲಿಯನ್ನು ನಾನೇ ಎರಡು ಬೀದಿ ನಡೆದು ಹೋಗಿ ಮಗಳ ಮನೆಯ ಗೂಟಕ್ಕೆ ಹಾಕಿ ಬರುತ್ತೇನೆ. ಹೆಂಡತಿಯ ಬಳಿ ಆ ಮಾತನ್ನು ಈಗಲೇ ಆಡಿಟ್ಟಿದ್ದೇನೆ. "ಆವತ್ತು ಊಟ ಮಾಡ್ತೀರಾ?" ಅಂತ ಕೇಳಿದಳು. "ಪಾಯಸ ಇರುತ್ತಲ್ಲ, ಮಾಡ್ತೀನಿ" ಅಂದೆ.

ಅಲ್ಲಿಯವರೆಗೆ ಬೆಳಿಗ್ಗೆ ಇಪ್ಪತ್ತು ಬಸ್ಕಿ. ಈ ಭಾನುವಾರ ಮಳೆ ಬರದಿದ್ದರೆ ಮೇಲುಕೋಟೆ.